ಅಂಗಿಯ ಮೇಲಿನ ಹೆಸರು

2024ರ ಜೂನ್ ತಿಂಗಳಲ್ಲಿ ಅಮೆರಿಕ ಮತ್ತು ವೆಸ್ಟ್ ಇಂಡೀಸ್‌ಗಳಲ್ಲಿ ನಡೆದ ಟಿ-20 ವಿಶ್ವಕಪ್ ಕ್ರಿಕೆಟ್ ಪಂದ್ಯಾವಳಿಯಲ್ಲಿ ಸ್ಕಾಟ್ಲೆಂಡ್ ಹಾಗೂ ಐರ್ಲೆಂಡ್ ತಂಡಗಳಿಗೆ ನಮ್ಮ ಕರ್ನಾಟಕ ಹಾಲು ಮಹಾಮಂಡಳದ 'ನಂದಿನಿ' ಪ್ರಾಯೋಜಕತ್ವ ವಹಿಸಿತ್ತು. ಸ್ಕಾಟ್ಲೆಂಡ್ ಆಟಗಾರರ ಅಂಗಿಯ ಮೇಲೆ ಆ ಹೆಸರು ಕನ್ನಡ ಲಿಪಿಯಲ್ಲಿಯೇ ಇತ್ತು. ದೇವದುರ್ಗ ತಾಲ್ಲೂಕಿನ ನಮ್ಮ ಜಾಲಹಳ್ಳಿಯಲ್ಲಿ, ಸ್ಕಾಟ್ಲೆಂಡ್ ಭೂಪಟದಲ್ಲಿ ಎಲ್ಲಿದೆಯೆಂದು ಹೇಳಲಾರದವರೂ ಆ ಚಿತ್ರವನ್ನು ಮೊಬೈಲಿನಲ್ಲಿ ಒಬ್ಬರಿಗೊಬ್ಬರು ತೋರಿಸಿ ಸಂತೋಷಪಟ್ಟರು. ನಾನೂ ಹಿಗ್ಗಿದೆ.

ಮರುದಿನ ಮನೆಗೆ ತಂದ ಹಾಲಿನ ಪೊಟ್ಟಣದಲ್ಲಿ ಬದಲಾದದ್ದಾದರೂ ಏನು? ಅದೇ ಹಾಲು, ಅದೇ ಕೆನೆ. ಬದಲಾದದ್ದು ಅದನ್ನು ನೋಡುವ ಕಣ್ಣು. ಜಾಹೀರಾತು ತನ್ನ ಸರಕು ಉತ್ತಮವೆಂದು ವಾದಿಸುತ್ತದೆ. ಆ ವಾದವನ್ನು ನಾವು ಸಂಶಯಿಸಬಹುದು. ಪ್ರಾಯೋಜಕತ್ವ ವಾದಕ್ಕಿಳಿಯುವುದಿಲ್ಲ. ನಾವು ಈಗಾಗಲೇ ಪ್ರೀತಿಸುವ ಆಟದ, ಹಬ್ಬದ, ಭಾಷೆಯ ಪಕ್ಕದಲ್ಲಿ ಸುಮ್ಮನೆ ನಿಲ್ಲುತ್ತದೆ. ಆ ಪ್ರೀತಿ ಮೆಲ್ಲನೆ ಅದಕ್ಕೂ ಅಂಟಿಕೊಳ್ಳುತ್ತದೆ. ಎರಡೂ ತಂಡಗಳು ಮೊದಲ ಸುತ್ತಿನಲ್ಲೇ ಹೊರಬಿದ್ದವು, ಆದರೂ ನಮ್ಮ ಹೆಮ್ಮೆ ತಗ್ಗಲಿಲ್ಲ. ಅದು ಆಟದ ಮೇಲೆ ನಿಂತಿರಲಿಲ್ಲ, ಅಕ್ಷರದ ಮೇಲೆ ನಿಂತಿತ್ತು. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಅಮುಲ್ ಹಾಲಿನ ಪ್ರವೇಶದ ಕುರಿತು ಎದ್ದ ವಿವಾದದಿಂದ ಆ ಹೆಸರಿಗೆ ಹಾಲಿಗಿಂತ ಹೆಚ್ಚಿನ ಅರ್ಥ ಅದಾಗಲೇ ಬಂದಿತ್ತೆನ್ನಿ.

ನಂದಿನಿಯ ಹಿಂದೆ ಹಳ್ಳಿಹಳ್ಳಿಯ ಸಹಕಾರ ಸಂಘಗಳಿಗೆ ಹಾಲು ಹಾಕುವ ಹೈನುಗಾರರಿದ್ದಾರೆ. ಆದ್ದರಿಂದ ಈ ಅಭಿಮಾನಕ್ಕೆ ನೆಲೆಯುಂಟು. (ಪ್ರಾಯೋಜನೆಯ ಖರ್ಚಿನಿಂದ ಅವರ ಕೈಸೇರಿದ್ದೆಷ್ಟು ಎಂದು ಕೇಳುವ ಹಕ್ಕೂ ಅವರಿಗುಂಟು.) ಆದರೆ ಇದೇ ಅಂಟು ಎಲ್ಲ ಸರಕಿಗೂ ಸಮನಾಗಿ ಹಿಡಿಯುತ್ತದೆ. 1996ರ ವಿಶ್ವಕಪ್ಪಿಗೆ ವಿಲ್ಸ್ ಎಂಬ ಸಿಗರೇಟಿನ ಹೆಸರಿತ್ತು. ನಮ್ಮ ಶ್ರೀನಾಥ್, ಕುಂಬ್ಳೆ, ದ್ರಾವಿಡ್ ಅವರಂಥ ಸಜ್ಜನರ ಎದೆಯ ಮೇಲೂ ಅದೇ ಹೆಸರು. ಹೊಗೆಯ ವಾಸನೆ ಸಹಿಸದ ಹುಡುಗರೂ ಆ ಅಕ್ಷರಗಳನ್ನು ತಮ್ಮ ಬ್ಯಾಟಿನ ಮೇಲೆ ಬರೆದುಕೊಳ್ಳುತ್ತಿದ್ದುದನ್ನು ಕಂಡಿದ್ದೇನೆ. 2003ರ ಕಾಯ್ದೆ ತಂಬಾಕು ಕಂಪನಿಗಳ ಇಂಥ ಪ್ರಾಯೋಜಕತ್ವವನ್ನು ನಿಷೇಧಿಸಿತು. ಅದು ಬಂದದ್ದು ಒಳ್ಳೆಯದೇ ಆಯಿತು.

ಆದರೆ ಹೆಸರುಗಳು ಬೇರೆ ದಾರಿ ಹುಡುಕಿಕೊಳ್ಳುತ್ತವೆ. 2008ರಲ್ಲಿ ಹುಟ್ಟಿದ ರಾಯಲ್ ಚಾಲೆಂಜರ್ಸ್ ತಂಡದ ಹೆಸರು ರಾಯಲ್ ಚಾಲೆಂಜ್ ಎಂಬ ವಿಸ್ಕಿಯಿಂದ ಬಂದದ್ದು. 2025ರ ಜೂನ್ 3ರಂದು ಆ ತಂಡ ಮೊದಲ ಬಾರಿಗೆ ಐಪಿಎಲ್ ಕಪ್ ಗೆದ್ದ ಮೇಲೆ ನಮ್ಮೂರಿನ ಪುಟ್ಟ ಮಕ್ಕಳ ಮೈಮೇಲೂ ಆ ಕೆಂಪು ಅಂಗಿ ಕಂಡೆ. ಅಕ್ಕರೆಯಿಂದ ಅದನ್ನು ಕೊಂಡುತಂದ ತಾಯಂದಿರಲ್ಲಿ ಎಷ್ಟು ಮಂದಿಗೆ ಆ ಹೆಸರಿನ ಮೂಲ ತಿಳಿದಿತ್ತು?