ಸಂದಿನಲ್ಲಿ ಕೂತ ಶನಿ

ಕಡೂರಿನಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಮುಂದೆ ಅರ್ಧ ಗಂಟೆ ನಿಂತು ನೋಡಿ. ಬೈಕಿನ ಹಿಂದೆ ಮೋಟರ್ ಕಟ್ಟಿಕೊಂಡು ಬಂದವರು ವೋಲ್ಟೇಜನ್ನು ಬೈಯುತ್ತಾರೆ. ಪಕ್ಕದಲ್ಲಿ ಟೀ ಹೀರುತ್ತಿದ್ದವರು ಟಿಸಿಯನ್ನು, ಅಂದರೆ ಟ್ರಾನ್ಸ್‌ಫಾರ್ಮರನ್ನು ಬೈಯುತ್ತಾರೆ. ಮೋಟರ್ ಮಾರಿದವನಿಗೂ ಎರಡು ಮಾತು ಬೀಳುತ್ತವೆ. ಸ್ಟಾರ್ಟರ್ ಡಬ್ಬಿಯೊಳಗೆ ಹಸಿರುಗಟ್ಟಿ ಕೂತ ತಂತಿಯ ತುದಿಯನ್ನು ಮಾತ್ರ ಯಾರೂ ಬೈಯುವುದಿಲ್ಲ. ಅಂಗಡಿಯವನು ಮೆಲ್ಲಗೆ, "ಗೌಡ್ರೇ, ಡಬ್ಬಿ ತೆಗೆದು ನೋಡಿದ್ರಾ?" ಅಂದರೆ, "ಅದ್ರಲ್ಲೇನಪ್ಪಾ ಇರತ್ತೆ?" ಅನ್ನುವ ಉತ್ತರ ಸಿದ್ಧ.

ಇರುತ್ತದೆ ಸ್ವಾಮಿ, ಒಂದು ಸಂಸಾರವೇ ಇರುತ್ತದೆ. ಕಡೂರಿನ ತೆಂಗಿನ ತೋಟದ ಡಬ್ಬಿಯಲ್ಲಿ ಧೂಳು, ಇರುವೆ, ಸತ್ತ ಹಲ್ಲಿ. ತರೀಕೆರೆ ಕಡೆಯ ಅಡಿಕೆ ತೋಟದಲ್ಲಿ ಮಳೆಗಾಲದ ಶೀತಕ್ಕೆ ತಾಮ್ರದ ಎಳೆಗಳೆಲ್ಲ ಕಿಲುಬು. ಅಜ್ಜಂಪುರದ ಈರುಳ್ಳಿ ಹೊಲದ ಬದಿಯಲ್ಲಿ ಅಲ್ಯೂಮಿನಿಯಂ ಸರ್ವಿಸ್ ತಂತಿಯನ್ನು ತಾಮ್ರಕ್ಕೆ ತಿರುಚಿ ಸುತ್ತಿದ ಜಾಯಿಂಟು, ಅದರ ಮೇಲೆ ಬಿಳಿ ಪುಡಿ. ತಾಮ್ರ, ಅಲ್ಯೂಮಿನಿಯಂ ಎರಡೂ ಒಳ್ಳೆಯ ಲೋಹಗಳೇ. ಆದರೆ ನಡುವೆ ಒಂದು ಹನಿ ನೀರು ನಿಂತರೆ ಅಲ್ಯೂಮಿನಿಯಂ ಕರಗತೊಡಗುತ್ತದೆ. ಆ ಬಿಳಿ ಪುಡಿಯಲ್ಲಿ ಕರೆಂಟು ಹರಿಯುವುದಿಲ್ಲ.

ಲೆಕ್ಕ ಸುಲಭ. 5 ಎಚ್‌ಪಿ ತ್ರೀಫೇಸ್ ಮೋಟರು ಸುಮಾರು ಏಳೂವರೆ ಆಂಪ್ ಎಳೆಯುತ್ತದೆ. ಕೊಳೆತ ಸಂದಿನಲ್ಲಿ ಬರೀ ಅರ್ಧ ಓಮ್ ತಡೆ ಹುಟ್ಟಿದರೂ ಅಲ್ಲಿ 28 ವ್ಯಾಟ್ ಶಾಖ. ರೇಡಿಯೋ ರಿಪೇರಿಯವನ 25 ವ್ಯಾಟಿನ ಸೋಲ್ಡರಿಂಗ್ ಐರನ್ನು ಸೀಸ ಕರಗಿಸುತ್ತದೆ. ಇನ್ನು ಪ್ಲಾಸ್ಟಿಕ್ಕಿನ ಪಾಡೇನು? ಶಾಖಕ್ಕೆ ಸಂದು ಇನ್ನಷ್ಟು ಕಪ್ಪಾಗುತ್ತದೆ, ಕಪ್ಪಾದಷ್ಟೂ ಶಾಖ ಏರುತ್ತದೆ. ಕೊನೆಗೆ ಒಂದು ಫೇಸ್ ಕಡಿದು, ಎರಡೇ ಫೇಸಿನಲ್ಲಿ ಮುಲುಗುತ್ತಾ ಮೋಟರು ಸುಟ್ಟುಕೊಳ್ಳುತ್ತದೆ.

ಹೊಲದಲ್ಲಾದರೆ ಮೋಟರ್ ನಿಂತರೆ ಬೆಳೆ ಒಂದೆರಡು ದಿನ ಬಾಡೀತು. ಆಕಾಶದಲ್ಲಿ ಸಂದು ಕೈಕೊಟ್ಟರೆ? ಹೊರದೇಶಗಳಲ್ಲಿ ಶೆಡ್ಡಿನಲ್ಲೇ ವಿಮಾನ ಕಟ್ಟಿಕೊಂಡು ಹಾರುವ ಪುಣ್ಯಾತ್ಮರಿದ್ದಾರೆ. ಅಂಥವರಿಗಾಗಿ ಅಮೆರಿಕದ ಬರ್ಟ್ ರುಟಾನ್ ರೂಪಿಸಿದ ಲಾಂಗ್-ಈಜಿ ವಿಮಾನದ ಮಾದರಿಯಲ್ಲೇ ನಮ್ಮ ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್ ಒಂದು ಪುಟ್ಟ ಸಂಶೋಧನಾ ವಿಮಾನ ಕಟ್ಟಿ 1987ರಲ್ಲಿ ಹಾರಿಸಿತು. ಇಂಥ ವಿಮಾನದ ಮೈ ಗಾಜಿನ ಫೈಬರಿನದು. ಬೈಕಿನಲ್ಲಾದರೆ ಚಾಸಿಗೆ ಒಂದು ಅರ್ಥ್ ಕೊಟ್ಟು ಕೈತೊಳೆದುಕೊಳ್ಳಬಹುದು. ಫೈಬರಿನಲ್ಲಿ ಕರೆಂಟು ಹರಿಯದು, ಹಾಗಾಗಿ ಪ್ರತಿ ದೀಪಕ್ಕೂ ಪ್ರತಿ ಮೀಟರಿಗೂ ವಾಪಸು ತಂತಿ ಎಳೆಯಬೇಕು. ತಂತಿ ಹೆಚ್ಚಿದಷ್ಟೂ ಸಂದು ಹೆಚ್ಚು, ಸಂದು ಹೆಚ್ಚಿದಷ್ಟೂ ಶನಿಕಾಟ. ಮೇಲಾಗಿ 12 ವೋಲ್ಟಿನ ವ್ಯವಹಾರ. ಸಂದಿನಲ್ಲಿ ಒಂದು ವೋಲ್ಟ್ ಸೋರಿದರೂ ಮೀಟರು ಸುಳ್ಳು ಹೇಳುತ್ತದೆ. ನಮ್ಮ 415 ವೋಲ್ಟಿನಲ್ಲಿ ಅದು ಗಮನಕ್ಕೇ ಬರುವುದಿಲ್ಲ.

ವಿಮಾನ ಕಟ್ಟುವವರು ಇದಕ್ಕೆ ಮಾಡುವ ಉಪಾಯ ನಮ್ಮಜ್ಜಿಗೆ ಗೊತ್ತಿದ್ದದ್ದೇ. ಹಿಂದೆ ಕಲಾಯಿಯವನು ಊರಿಗೆ ಬಂದು, ತಿದಿ ಒತ್ತಿ, ನವಸಾಗರದ ಹೊಗೆ ಎಬ್ಬಿಸಿ ಹಿತ್ತಾಳೆ ಪಾತ್ರೆಗೆ ತವರ ಬಳಿಯುತ್ತಿದ್ದನಲ್ಲ, ಹುಳಿ ಕಿಲುಬೆಬ್ಬಿಸದಿರಲಿ ಅಂತ? ವಿಮಾನದ ತಂತಿಯ ಎಳೆ ಎಳೆಗೂ ಅದೇ ತವರದ ಕಲಾಯಿ, ತಂತಿಯ ತುದಿಗೆ ಕೂರಿಸುವ ಲಗ್ಗಿಗೂ ಅದೇ. ತುದಿಗಳನ್ನು ಬೆಸುಗೆ ಹಾಕುವುದಕ್ಕಿಂತ ಇಕ್ಕಳದಲ್ಲಿ ಒತ್ತಿ ಕ್ರಿಂಪ್ ಮಾಡುವುದೇ ಹೆಚ್ಚು. ಬೆಸುಗೆ ಇಳಿದ ಎಳೆಗಳು ಬಿರುಸಾಗಿ, ಇಂಜಿನ್ನಿನ ನಡುಕಕ್ಕೆ ಬೆಸುಗೆಯ ಅಂಚಿನಲ್ಲೇ ಮುರಿಯುತ್ತವೆ.

ಇಷ್ಟೆಲ್ಲ ಕೇಳಿದ ಮೇಲೆ ಕೆಲವರು ಹುರುಪಿನಲ್ಲಿ ಕಿಲುಬು ತಿಕ್ಕಲು ಹುಣಸೆಹಣ್ಣು ಹಿಡಿದು ಹೊರಡುತ್ತಾರೆ. ಬೇಡಿ. ಹುಳಿ ಚೊಂಬನ್ನು ಫಳಫಳ ಹೊಳೆಸುತ್ತದೆ, ಆದರೆ ತಂತಿಯ ಎಳೆಗಳ ನಡುವೆ ಉಳಿದರೆ ತಾಮ್ರವನ್ನೇ ತಿನ್ನುತ್ತದೆ. ಮೂಗಿಗೆ ವಿನೆಗರ್ ವಾಸನೆ ಹೊಡೆಯುವ ಸಿಲಿಕಾನ್ ಮೆತ್ತುವವರ ಕಥೆಯೂ ಇದೇ. ನೀರು ತಡೆಯಲು ಹೋಗಿ ಒಳಗೆ ಆಮ್ಲವನ್ನು ಕೂಡಿಹಾಕಿದಂತೆ.

ಮುಂಗಾರಿಗೆ ಮುನ್ನ ಒಂದು ಬೆಳಗ್ಗೆ ಬಿಡುವು ಮಾಡಿಕೊಳ್ಳಿ. ಆಟೋ ಸ್ಟಾರ್ಟರ್ ನಂಬಬೇಡಿ, ಕರೆಂಟು ಬಂದ ಕೂಡಲೇ ಅದು ತಾನೇ ಎದ್ದುಬಿಡುತ್ತದೆ. ಮೇನ್ ಆಫ್ ಮಾಡಿ, ಮೂರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಟೆಸ್ಟರ್ ಹಿಡಿದು ನೋಡಿದ ಮೇಲೆಯೇ ಡಬ್ಬಿಗೆ ಕೈ. ಕಿಲುಬು ಹಿಡಿದ ತುದಿ ಕತ್ತರಿಸಿ, ಹೊಸ ತುದಿಗೆ ಕಲಾಯಿ ಲಗ್ ಒತ್ತಿ, ಬಿಗಿಯಾಗಿ ತಿರುಪಿ. ಅಲ್ಯೂಮಿನಿಯಂ ಇದ್ದರೆ ಎರಡು ಲೋಹದ ಲಗ್ಗೇ ಬೇಕು. ಕೇಬಲ್ಲನ್ನು ಡಬ್ಬಿಯ ತಳದಿಂದ ಒಳಗೆ ಬಿಡಿ, ಹೊರಗೆ ಸ್ವಲ್ಪ ಜೋತಾಡಲಿ. ಮಳೆನೀರು ಆ ಬಾಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಈ ಕೆಲಸ ಕೈಗೆ ಬಾರದಿದ್ದರೆ ಎಲೆಕ್ಟ್ರಿಷಿಯನ್ನನ್ನು ಕರೆಯಿರಿ. ಅವನ ಕೂಲಿ ರಿವೈಂಡಿಂಗ್ ಬಿಲ್ಲಿಗಿಂತ ಕಡಿಮೆಯೇ.