ಗೋಡೆಯ ಮೇಲಿನ ಗೆರೆ

ವ್ಯಾಯಾಮ ಆರಂಭಿಸುವವರಿಗೆ ಎಂದೂ ಬರವಿಲ್ಲ. ಬರವಿರುವುದು ಮುಂದುವರಿಸುವವರಿಗೆ. ಪರೀಕ್ಷೆ ಮುಗಿದ ಮರುದಿನ ಹೊಸ ಬೂಟು ಬರುತ್ತದೆ, ನಸುಕಿಗೆ ಅಲಾರಂ ಬಡಿಯುತ್ತದೆ. ಹದಿನೈದನೆಯ ದಿನ ಬೂಟು ಮಂಚದ ಕೆಳಗೆ, ಹುಡುಗ ಮಂಚದ ಮೇಲೆ! ಇದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಬೆವರು ಇವತ್ತೇ ಸುರಿಯುತ್ತದೆ. ಫಲ ಕಾಣಲು ತಿಂಗಳುಗಳು ಬೇಕು. ನಡುವಿನ ಆ ದಿನಗಳನ್ನು ದಾಟುವುದು ಹೇಗೆ?

ಜಪಾನಿನ ಶಿಗೆರು ಮಿಯಾಮೊಟೊ ಅವರಿಗೆ ಇದರ ಉತ್ತರ ಮನೆಯಲ್ಲೇ ಸಿಕ್ಕಿತು. 'ಮಾರಿಯೊ' ವಿಡಿಯೊ ಆಟವನ್ನು ಸೃಷ್ಟಿಸಿದವರು ಇವರೇ. ಲೋಕದ ಮಕ್ಕಳನ್ನೆಲ್ಲ ಟಿ.ವಿ. ಮುಂದೆ ಕೂರಿಸಿದರೆಂದು ತಾಯಂದಿರು ದೂರಬಹುದಾದ ವ್ಯಕ್ತಿ. ನಲವತ್ತರ ಆಸುಪಾಸಿನಲ್ಲಿ ಈಜಲು ತೊಡಗಿದ ಅವರು, ಮುಂದೆ ದಿನವೂ ತೂಕ ನೋಡಿಕೊಂಡು ನಕ್ಷೆಯಲ್ಲಿ ಗುರುತು ಹಾಕುವ ಅಭ್ಯಾಸ ಮಾಡಿಕೊಂಡರು. ಗೆರೆ ಏರಿದರೂ ಮಾತು, ಇಳಿದರೂ ಮಾತು. ತೂಕ ಇಳಿಯಿತೋ ಇಲ್ಲವೋ, ನಾಳೆ ಏನಾಗುತ್ತದೆಂಬ ಕುತೂಹಲ ಮಾತ್ರ ಉಳಿಯಿತು. ಇದೇ ಒಂದು ಆಟವಾಗಬಾರದೇಕೆ?

ಹಾಗೆ ಹುಟ್ಟಿದ್ದು 'ವೀ ಫಿಟ್'. ಕ್ಯೋಟೋದ ನಿಂಟೆಂಡೊ ಕಂಪೆನಿ 2007ರ ಡಿಸೆಂಬರ್‌ನಲ್ಲಿ ಅದನ್ನು ಜಪಾನಿನಲ್ಲಿ ಮಾರುಕಟ್ಟೆಗೆ ತಂದಿತು. ಅದರ ಜೀವಾಳ ಒಂದು ಹಲಗೆ. ಅದರೊಳಗೆ ಭಾರ ಅಳೆಯುವ ನಾಲ್ಕು ಸಂವೇದಕಗಳು. ಹಲಗೆಯ ಮೇಲೆ ನಿಂತು ನಮ್ಮ ವೃಕ್ಷಾಸನ ಮಾಡಿದರೆ, ಮೈ ಎತ್ತ ವಾಲಿತೆಂದು ಪರದೆಯ ಮೇಲಿನ ಚುಕ್ಕಿ ಹೇಳಿಬಿಡುತ್ತಿತ್ತು. ದಿನವೂ ಹಲಗೆ ಹತ್ತಿದವರಿಗೆ ಕ್ಯಾಲೆಂಡರಿನಲ್ಲಿ ಒಂದು ಮುದ್ರೆ. ಆ ಮುದ್ರೆ ತಪ್ಪಬಾರದೆಂದೇ ದೊಡ್ಡವರೂ ಹಲಗೆ ಹತ್ತಿದರು. ಎರಡು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದವು.

ಆದರೆ ಹುರಿದುಂಬಿಸುವ ಅಂಕಿಯೇ ಚುಚ್ಚಲೂಬಹುದು. 2008ರಲ್ಲಿ ಬ್ರಿಟನ್ನಿನ ಹತ್ತು ವರ್ಷದ ಬಾಲಕಿಯೊಬ್ಬಳಿಗೆ ಈ ಆಟ 'ನೀನು ದಪ್ಪ' ಎಂಬ ತೀರ್ಪು ಕೊಟ್ಟಿತು. ಮಗು ನೊಂದಿತು, ಮನೆಯವರು ಪ್ರತಿಭಟಿಸಿದರು, ಕಂಪೆನಿ ಕ್ಷಮೆ ಕೇಳಿತು. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿ ಬರುವ ಸಂಖ್ಯೆಯನ್ನು ದೊಡ್ಡವರಿಗೆ ಅನ್ವಯಿಸಿದಂತೆ ಬೆಳೆಯುವ ಮಕ್ಕಳಿಗೆ ಅನ್ವಯಿಸುವಂತಿಲ್ಲ. ಅವರ ವಯಸ್ಸನ್ನೂ, ಹುಡುಗನೋ ಹುಡುಗಿಯೋ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಯಂತ್ರಕ್ಕೇನೋ ದಾಕ್ಷಿಣ್ಯವಿಲ್ಲ. ಅದೇ ಮಾತನ್ನು ಊಟದ ಹೊತ್ತಿಗೆ ಆಡುವ ಮನುಷ್ಯರಿಗೂ ಇರಬೇಡವೇ?

2019ರ ಅಕ್ಟೋಬರ್‌ನಲ್ಲಿ ಅದೇ ಕಂಪೆನಿ 'ರಿಂಗ್ ಫಿಟ್ ಅಡ್ವೆಂಚರ್' ತಂದಿತು. ಇಲ್ಲಿ ತೂಕದ ಹಲಗೆಯಿಲ್ಲ. ಕೈಯಲ್ಲೊಂದು ಬಳೆಯಾಕಾರದ ಸಾಧನ, ತೊಡೆಗೊಂದು ಪಟ್ಟಿ. ನಿಂತಲ್ಲೇ ಓಡಿದರೆ ಪರದೆಯ ವೀರ ಮುಂದೆ ಸಾಗುತ್ತಾನೆ; ಬಸ್ಕಿ ಹೊಡೆದರೆ ರಾಕ್ಷಸನಿಗೆ ಪೆಟ್ಟು. 2020ರಲ್ಲಿ ಕೊರೊನಾ ಜನರನ್ನು ಮನೆಯೊಳಗೆ ಕೂಡಿಹಾಕಿದಾಗ ಹಲವು ದೇಶಗಳಲ್ಲಿ ಈ ಆಟ ಅಂಗಡಿಗಳಲ್ಲಿ ಸಿಗದಾಯಿತು. ಫಲಕ್ಕಾಗಿ ತಿಂಗಳುಗಟ್ಟಲೆ ಕಾಯಬೇಕಿಲ್ಲ. ಹತ್ತನೇ ಬಸ್ಕಿಗೇ ರಾಕ್ಷಸ ಬೀಳುತ್ತಾನೆ!

ಆದರೂ ಯಾವ ಆಟವೂ ಒಂದು ದಿನ ಹಳತಾಗುತ್ತದೆ. ಆಟಿಕೆ ಕಪಾಟು ಸೇರಿದ ಮೇಲೆ ಉಳಿಯಬೇಕಾದದ್ದು ಅದು ಕಲಿಸಿದ ಉಪಾಯ: ಗುರಿ ಚಿಕ್ಕದಿರಲಿ, ಗುರುತು ಕಣ್ಣೆದುರಿಗಿರಲಿ, ಜೊತೆಗೊಬ್ಬರಿರಲಿ. ಐದರಿಂದ ಹದಿನೇಳು ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕೆ ದುಬಾರಿ ಯಂತ್ರವೇ ಆಗಬೇಕೆಂದಿಲ್ಲ. ಹಗ್ಗವೊಂದು ಸಾಕು; ಗೋಡೆಯ ಕ್ಯಾಲೆಂಡರೂ ಪೆನ್ಸಿಲೂ ಮನೆಯಲ್ಲೇ ಇವೆ. ಬರೆಯುವುದು ಮಗುವಿನ ತೂಕವನ್ನಲ್ಲ, ಕುಣಿದ ದಿನಗಳನ್ನು. ಪಕ್ಕದಲ್ಲಿ ಅಪ್ಪ ಅಮ್ಮನ ಗುರುತೂ ಬೀಳುತ್ತಿದ್ದರೆ, ಮಂಚದ ಕೆಳಗಿನ ಬೂಟು ತಾನಾಗಿಯೇ ಹೊರಗೆ ಬಂದೀತು.