ದೊರೆಗಳ ಕ್ಯಾಸೆಟ್ಟು

ಅಮೆರಿಕಕ್ಕೆ ಬಂದ ನಮ್ಮ ಜನ ಏನನ್ನು ನೆನೆದು ಕೊರಗುತ್ತಾರೆಂಬುದು ಊರಿನಲ್ಲಿ ಎಲ್ಲರಿಗೂ ಗೊತ್ತು. ಮಿಡಿ ಉಪ್ಪಿನಕಾಯಿ, ತಿಳಿಸಾರು, ಬೆಳಗಾಗುತ್ತಲೇ ಬೀದಿಯಲ್ಲಿ ಕೂಗಿಕೊಂಡು ಹೋಗುವ ಸೊಪ್ಪಿನವಳು. ಆದರೆ ಇಂಗ್ಲೆಂಡಿನಿಂದ ಬಂದವರಿಗೆ ಇಲ್ಲಿ ಏನು ಕೊರತೆ? ಭಾಷೆ ಅದೇ, ಬಣ್ಣ ಅದೇ, ಬ್ರೆಡ್ಡು ಬೆಣ್ಣೆಯೂ ಹೆಚ್ಚುಕಡಿಮೆ ಅದೇ. ನಮ್ಮ ಪಕ್ಕದ ಮನೆಯವರನ್ನು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಹೇಳುತ್ತಿದ್ದರು: ನೋಡುವಂಥ ಟಿ.ವಿ. ಇಲ್ಲ!

ಇದು ತೊಂಬತ್ತರ ದಶಕದ ಮಾತು. ನಾವಿದ್ದದ್ದು ಡೆಟ್ರಾಯಿಟ್ ನಗರದ ಹೊರವಲಯದಲ್ಲಿ. ಕಾರು ತಯಾರಿಸುವ ಊರಾದ್ದರಿಂದ ನಮ್ಮ ಯಜಮಾನರ ಹಾಗೆ ಇಂಗ್ಲೆಂಡಿನ ಎಂಜಿನಿಯರುಗಳೂ ಅಲ್ಲಿಗೆ ಬರುತ್ತಿದ್ದರು. 1990ರಲ್ಲಿ ಪಕ್ಕದ ಮನೆಗೆ ಬಂದ ದಂಪತಿಗೆ ನಮ್ಮ ಮನೆಯಲ್ಲಿ ದೊರೆ ಮತ್ತು ದೊರೆಸಾನಿ ಎಂದೇ ಹೆಸರಾಯಿತು. ದೊರೆತನದ ಲಕ್ಷಣವೇನೂ ಇರಲಿಲ್ಲ ಎನ್ನಿ. ದೊರೆಗಳ ತಂದೆ ಲ್ಯಾಂಕಾಶೈರಿನಲ್ಲಿ ಬಸ್ ಓಡಿಸುತ್ತಿದ್ದವರು. ತಾಯಿ ಹದಿನಾಲ್ಕನೇ ವಯಸ್ಸಿಗೇ ಹತ್ತಿಗಿರಣಿ ಸೇರಿದಾಕೆ. ವಿದೇಶಿ ಬಟ್ಟೆ ಸುಡುವ ಚಳವಳಿಯಲ್ಲಿ ನಮ್ಮಜ್ಜ ಬೆಂಕಿಗೆ ಹಾಕಿದ ಬಟ್ಟೆಯನ್ನು ನೇಯ್ದವರು ಇಂಥವರೇ. 1931ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಗಿರಣಿ ಕೆಲಸಗಾರರನ್ನು ಕಾಣಲು ಹೋಗಿದ್ದ ಡಾರ್ವೆನ್ ಊರು ಅವರ ಮನೆಯಿಂದ ದೂರವಲ್ಲ. ದೊರೆಸಾನಿ ಮಾತ್ರ ದಕ್ಷಿಣದವರು, ಲಂಡನ್ನಿನ ಕಡೆಯವರು. ಧಾರವಾಡದ ಗಂಡ, ಮೈಸೂರಿನ ಹೆಂಡತಿ ಎಂದುಕೊಂಡರೆ ಸರಿಹೋದೀತು.

ಆಗಲೇ ಇಲ್ಲಿ ಕೇಬಲ್ಲಿನಲ್ಲಿ ಐವತ್ತು ಅರವತ್ತು ಚಾನೆಲ್ಲುಗಳಿದ್ದವು. ಸಂಜೆ ದೊರೆಗಳು ರಿಮೋಟ್ ಹಿಡಿದು ಒಂದರಿಂದ ಅರವತ್ತರವರೆಗೆ ಹತ್ತುವರು, ಅರವತ್ತರಿಂದ ಒಂದಕ್ಕೆ ಇಳಿಯುವರು, ಕೊನೆಗೆ ಆರಿಸಿ ತೋಟಕ್ಕೆ ನೀರು ಬಿಡುವರು. ಇಲ್ಲಿ ಅರ್ಧ ಗಂಟೆಯ ಕಾರ್ಯಕ್ರಮವೆಂದರೆ ಇಪ್ಪತ್ತೆರಡು ನಿಮಿಷದ ಕತೆ, ಉಳಿದದ್ದು ಜಾಹೀರಾತು. 1997ರ ನಂತರವಂತೂ ಔಷಧಿಗಳ ಜಾಹೀರಾತಿನ ಪ್ರವಾಹವೇ ಹರಿಯಿತು; ಮೊಣಕಾಲು ನೋವಿಗೆ ಮಾತ್ರೆ ಎಂದು ಶುರುವಾಗಿ, ಅದನ್ನು ನುಂಗಿದರೆ ಏನೇನು ಕೇಡಾದೀತೆಂಬ ಪಟ್ಟಿಯೊಂದಿಗೆ ಮುಗಿಯುವಂಥವು. ವರ್ಷಕ್ಕೊಮ್ಮೆ ಲೈಸೆನ್ಸ್ ಹಣ ಕಟ್ಟಿ ಜಾಹೀರಾತಿಲ್ಲದ ಬಿ.ಬಿ.ಸಿ. ನೋಡಿ ಬೆಳೆದವರಿಗೆ ಇದು ಶಿಕ್ಷೆ. ನಮ್ಮೂರಲ್ಲೂ ಹಿಂದೆ ರೇಡಿಯೋಗೆ ಲೈಸೆನ್ಸ್ ಇತ್ತು, ಅಂಚೆ ಕಚೇರಿಯಲ್ಲಿ ಹಣ ಕಟ್ಟುತ್ತಿದ್ದೆವು ಎಂದಾಗ ದೊರೆಗಳಿಗೆ ಬಲು ಸಂತೋಷವಾಯಿತು. ಸಾಮ್ರಾಜ್ಯ ಒಂದಾದರೂ ಒಳ್ಳೆಯ ಕೆಲಸ ಮಾಡಿದೆ ಎಂದರು.

ಹಾಗೆಂದು ಅಮೆರಿಕದ ಟಿ.ವಿ.ಯಲ್ಲಿ ಇಂಗ್ಲೆಂಡ್ ಇರಲಿಲ್ಲವೆಂದಲ್ಲ. ಬೇಕಾದಷ್ಟಿತ್ತು. ಪ್ರೇಕ್ಷಕರ ದೇಣಿಗೆಯಿಂದ ನಡೆಯುವ ಪಿ.ಬಿ.ಎಸ್. ಎಂಬ ಸಾರ್ವಜನಿಕ ಜಾಲ ಇಲ್ಲುಂಟು. 1971ರಿಂದ ಅದರಲ್ಲಿ ‘ಮಾಸ್ಟರ್‌ಪೀಸ್ ಥಿಯೇಟರ್’ ಎಂಬ ಹೆಸರಿನಲ್ಲಿ ಇಂಗ್ಲೆಂಡಿನ ನಾಟಕ ಧಾರಾವಾಹಿಗಳು ಬರುತ್ತಿದ್ದವು. ತೋಳುಕುರ್ಚಿಯಲ್ಲಿ ಕುಳಿತು ಮುನ್ನುಡಿ ಹೇಳುತ್ತಿದ್ದವರು ಆಲಿಸ್ಟೇರ್ ಕುಕ್. ಈ ಮನುಷ್ಯ ಒಂದು ಸೋಜಿಗ. ಮ್ಯಾಂಚೆಸ್ಟರ್ ಪಕ್ಕದ ಸಾಲ್‌ಫರ್ಡಿನಲ್ಲಿ ಹುಟ್ಟಿ, 1941ರಲ್ಲಿ ಅಮೆರಿಕದ ಪ್ರಜೆಯಾದವರು. 1946ರಿಂದ 2004ರವರೆಗೆ ಬಿ.ಬಿ.ಸಿ. ರೇಡಿಯೋದಲ್ಲಿ ವಾರವಾರವೂ ಇಂಗ್ಲಿಷರಿಗೆ ಅಮೆರಿಕವನ್ನು ವಿವರಿಸಿದರು. 1992ರವರೆಗೆ ಈ ಕಡೆ ಟಿ.ವಿ.ಯಲ್ಲಿ ಅಮೆರಿಕನ್ನರಿಗೆ ಇಂಗ್ಲೆಂಡನ್ನು ವಿವರಿಸಿದರು. ಎರಡು ಮನೆಗೂ ಬೇಕಾದ ನೆಂಟ.

ದೊರೆಸಾನಿಗೆ ಭಾನುವಾರ ರಾತ್ರಿಯ ಈ ನಾಟಕಗಳು ಪಂಚಪ್ರಾಣ. ದೊರೆಗಳಿಗೆ ಕಂಡರಾಗದು. ಅವರ ತಕರಾರು ನನಗೆ ಅರ್ಥವಾಗಲು ಸ್ವಲ್ಪ ದಿನ ಹಿಡಿಯಿತು. ಈ ಟಿ.ವಿ.ಯಲ್ಲಿ ಕಾಣುವ ಇಂಗ್ಲೆಂಡಿನಲ್ಲಿ ದೊಡ್ಡ ಬಂಗಲೆಗಳಿವೆ, ಹುಲ್ಲುಹಾಸಿದೆ, ಬೆಳ್ಳಿಯ ಟೀ ಪಾತ್ರೆಯಿದೆ, ಹಳ್ಳಿಯ ಪಾದ್ರಿಯ ಮನೆಯಲ್ಲೊಂದು ಕೊಲೆಯಿದೆ. ಬಸ್ಸು ಓಡಿಸುವವನ ಮಗನಿಲ್ಲ. ಅವರ ಕಚೇರಿಯ ಅಮೆರಿಕನ್ನರು, ಇಂಗ್ಲೆಂಡಿನವರೆಂದರೆ ಮನೆಯಲ್ಲಿ ಬಟ್ಲರ್ ಇದ್ದಿರಬೇಕು ಎಂದುಕೊಂಡು ಮಾತಾಡಿಸುತ್ತಿದ್ದರಂತೆ. “ನಮ್ಮ ಮನೆಯಲ್ಲಿ ಕಕ್ಕಸೇ ಹಿತ್ತಲಿನಲ್ಲಿತ್ತು” ಎಂದು ದೊರೆಗಳು ಹೇಳಿದರೆ ತಮಾಷೆಯೆಂದು ನಗುತ್ತಿದ್ದರಂತೆ. ನನಗೇನೂ ನಗು ಬರಲಿಲ್ಲ. ನಾನೂ ಹಿತ್ತಲಿನ ಕಕ್ಕಸಿನ ಮನೆಯವಳೇ. ಭಾರತವೆಂದರೆ ಆನೆ, ಅರಮನೆ, ಹಾವಾಡಿಗ ಎಂದುಕೊಂಡವರ ನಡುವೆ ಬದುಕುವುದೆಂದರೆ ಏನೆಂದು ನನಗೆ ಹೇಳಿಕೊಡಬೇಕೆ?

ಹುಡುಕಿ ಹುಡುಕಿ ಅವರು ಕಂಡುಕೊಂಡ ಕೆಲವು ಇದ್ದವು. ಸಿ-ಸ್ಪ್ಯಾನ್ ಎಂಬ ಚಾನೆಲ್ಲಿನಲ್ಲಿ ಭಾನುವಾರ ರಾತ್ರಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪ್ರಧಾನಿಗೆ ಪ್ರಶ್ನೆ ಕೇಳುವ ಕಲಾಪ ಬರುತ್ತಿತ್ತು. ದೊರೆಗಳು ಅದನ್ನು ಬಯಲಾಟ ನೋಡುವ ಹುರುಪಿನಿಂದ ನೋಡುತ್ತಿದ್ದರು, ಊರಲ್ಲಿದ್ದಾಗ ಒಂದು ದಿನವೂ ನೋಡಿರದಿದ್ದರೂ. 1993ರಲ್ಲಿ ಶುರುವಾದ ‘ಫ್ರೇಸರ್’ ಎಂಬ ಅಮೆರಿಕನ್ ಹಾಸ್ಯ ಧಾರಾವಾಹಿಯನ್ನೂ ಒಪ್ಪಿದರು. ಚುರುಕಾದ ಬರವಣಿಗೆ, ಹೊಡೆದಾಟವಿಲ್ಲ. ಆದರೆ ಅದರಲ್ಲಿ ಮ್ಯಾಂಚೆಸ್ಟರಿನಿಂದ ಬಂದ ಡ್ಯಾಫ್ನಿ ಎಂಬ ಹೆಂಗಸಿನ ಪಾತ್ರವಿತ್ತು. ಪಾತ್ರ ಮಾಡಿದ ನಟಿ ಇಂಗ್ಲೆಂಡಿನವಳೇ, ಆದರೆ ಮ್ಯಾಂಚೆಸ್ಟರ್ ಕಡೆಯವಳಲ್ಲ. ಅವಳು ಬಾಯಿ ತೆರೆದಾಗಲೆಲ್ಲ ದೊರೆಗಳು ಕಿವಿ ಮುಚ್ಚಿಕೊಳ್ಳುವರು. ಬೆಂಗಳೂರಿನ ನಟಿ ‘ಹೌದ್ರೀ ಬರ್ರೀ’ ಎಂದ ಮಾತ್ರಕ್ಕೆ ಹುಬ್ಬಳ್ಳಿಯವಳಾಗುತ್ತಾಳೆಯೇ ಎಂದು ನಮ್ಮವರು ತಲೆದೂಗಿದರು.

ಆದರೆ ದೊರೆಗಳಿಗೆ ನಿಜವಾಗಿ ಬೇಕಾಗಿದ್ದದ್ದು ಇದಾವುದೂ ಅಲ್ಲ, ‘ಕಾರೊನೇಷನ್ ಸ್ಟ್ರೀಟ್.’ ಹೆಸರು ಕೇಳಿ ಪಟ್ಟಾಭಿಷೇಕದ ವೈಭವವನ್ನು ಊಹಿಸಬೇಡಿ. ಅಂಟಿಕೊಂಡ ಇಟ್ಟಿಗೆ ಮನೆಗಳ ಒಂದು ಬಡ ಬೀದಿ, ಮೂಲೆಯಲ್ಲೊಂದು ಹೆಂಡದಂಗಡಿ, ಅಲ್ಲಿನ ಜನರ ಜಗಳ, ಮದುವೆ, ಸಾಲ, ಸಾವು. 1960ರ ಡಿಸೆಂಬರ್ 9ರಂದು ಮ್ಯಾಂಚೆಸ್ಟರಿನ ಗ್ರಾನಡಾ ಕಂಪನಿ ಶುರು ಮಾಡಿದ ಈ ಧಾರಾವಾಹಿ ಇಂದಿಗೂ ನಿಂತಿಲ್ಲ. ಮೊದಲ ಕಂತಿನಲ್ಲಿ ಕಾಲೇಜು ಹುಡುಗನಾಗಿದ್ದ ಕೆನ್ ಬಾರ್ಲೋ ಪಾತ್ರಧಾರಿ ಅದೇ ಪಾತ್ರದಲ್ಲೇ ಮುದುಕರಾದರು. ದೊರೆಗಳ ತಾಯಿ ಮೊದಲ ದಿನದಿಂದ ನೋಡಿದಾಕೆ.

ಪಿ.ಬಿ.ಎಸ್. ಇದನ್ನೇನೂ ನಮ್ಮೂರಿಗೆ ತರಲಿಲ್ಲ. ಬಂಗಲೆಯಿಲ್ಲವಲ್ಲ! ಕಾಪಾಡಿದ್ದು ಕೆನಡಾ. ನಕ್ಷೆಯಲ್ಲಿ ಕೆನಡಾ ಅಮೆರಿಕದ ಉತ್ತರಕ್ಕಿದ್ದರೂ ಡೆಟ್ರಾಯಿಟಿನವರಿಗೆ ಮಾತ್ರ ದಕ್ಷಿಣಕ್ಕೆ, ನದಿಯಾಚೆ. ಅಲ್ಲಿನ ವಿಂಡ್ಸರ್ ಊರಿನ ಒಂಬತ್ತನೇ ಚಾನೆಲ್ಲು ಕೆನಡಾ ಸರ್ಕಾರಿ ಜಾಲದ್ದು. ಆಂಟೆನಾ ತಿರುಗಿಸಿದರೆ ಪುಕ್ಕಟೆ ಸಿಗುತ್ತಿತ್ತು. ಭಾನುವಾರ ಬೆಳಿಗ್ಗೆ ದೊರೆಗಳು ಟೀ ಪಾತ್ರೆ ಇಟ್ಟುಕೊಂಡು ಅದರ ಮುಂದೆ ಕೂತರೆಂದರೆ ಬಾಗಿಲು ಬಡಿದರೂ ಏಳುತ್ತಿರಲಿಲ್ಲ. ಒಂದೇ ತೊಂದರೆ: ಕೆನಡಾದಲ್ಲಿ ಬರುತ್ತಿದ್ದ ಕಂತುಗಳು ಇಂಗ್ಲೆಂಡಿಗಿಂತ ತಿಂಗಳುಗಟ್ಟಲೆ ಹಿಂದೆ.

ತಿಂಗಳು ಹಿಂದಾದರೇನು, ಕತೆ ಕತೆಯೇ ಅಲ್ಲವೇ ಎನ್ನಬಹುದು. ಅವರ ಭಾನುವಾರದ ಎರಡನೇ ಕೆಲಸ ತಾಯಿಗೆ ಫೋನ್ ಮಾಡುವುದು. ಒಂಟಿಯಾಗಿದ್ದ ಎಂಬತ್ತರ ಮುದುಕಿ. ದೂರದ ಮಗನೊಡನೆ ಏನು ಮಾತಾಡಿಯಾಳು? ಆರೋಗ್ಯವೇ, ಮಳೆಯೇ ಎಂದು ಎರಡು ನಿಮಿಷ. ಆಮೇಲಿನದೆಲ್ಲ ಆ ಬೀದಿಯವರ ಸುದ್ದಿ. ಅವಳು ಈ ವಾರದ್ದನ್ನು ಹೇಳುವಳು, ಇವರು ಕಳೆದ ವರ್ಷದ್ದನ್ನು ನೋಡಿ ಹೂಂಗುಟ್ಟುವರು.

1998ರ ಮಾರ್ಚ್ ಕೊನೆಯಲ್ಲಿ ಒಂದು ರಾತ್ರಿ ದೊರೆಗಳು ಬಿಳಿಚಿಕೊಂಡು ನಮ್ಮ ಮನೆಗೆ ಬಂದರು. ತಾಯಿ ಫೋನಿನಲ್ಲಿ ಅಳುತ್ತಿದ್ದಳಂತೆ. “ಡಿಯರ್‌ಡ್ರಿಯನ್ನು ಜೈಲಿಗೆ ಹಾಕಿದರು ಕಣೋ, ಪಾಪದ ಹುಡುಗಿ, ಏನೂ ಮಾಡಿಲ್ಲ.” ಡಿಯರ್‌ಡ್ರಿ ಧಾರಾವಾಹಿಯ ಪಾತ್ರವೇ. ಆದರೆ ಇವರು ನೋಡುತ್ತಿದ್ದ ಕಂತುಗಳಲ್ಲಿ ಆಕೆ ಆರಾಮವಾಗಿ ಓಡಾಡಿಕೊಂಡಿದ್ದಳು. ತಾಯಿಗೆ ಆಗಾಗ ಮರೆವು ಶುರುವಾಗಿತ್ತು. ಅದೇ ಬೀದಿಯಲ್ಲಿ ನಿಜವಾಗಿ ಅದೇ ಹೆಸರಿನ ಇನ್ನೊಬ್ಬಾಕೆಯೂ ಇದ್ದಳಂತೆ. ಅಮ್ಮ ಹೇಳಿದ್ದು ಟಿ.ವಿ.ಯದೋ, ಪಕ್ಕದ ಮನೆಯದೋ, ಇಲ್ಲ ಬುದ್ಧಿಯೇ ಕೆಟ್ಟಿತೋ? ಲ್ಯಾಂಕಾಶೈರಿನಲ್ಲಿ ಆಗ ನಡುರಾತ್ರಿ ಕಳೆದಿತ್ತು. ಆದರೂ ತಂಗಿಯನ್ನು ಎಬ್ಬಿಸಿ ಕೇಳಿದರು. ತಂಗಿ ನಗಾಡಿದಳಂತೆ. ಧಾರಾವಾಹಿಯಲ್ಲಿ ವಿಮಾನದ ಪೈಲಟ್ ಎಂದು ಸುಳ್ಳು ಹೇಳಿದ ಮೋಸಗಾರನೊಬ್ಬನ ದೆಸೆಯಿಂದ ಡಿಯರ್‌ಡ್ರಿ ಜೈಲು ಸೇರಿದ್ದಳು; ಅವಳನ್ನು ಬಿಡಿಸಬೇಕೆಂದು ದೇಶಕ್ಕೆ ದೇಶವೇ ಗದ್ದಲ ಮಾಡುತ್ತಿತ್ತು, ಪ್ರಧಾನಿ ಟೋನಿ ಬ್ಲೇರ್ ಕೂಡ ಅದರ ಬಗ್ಗೆ ಒಂದು ಮಾತು ಆಡಿದ್ದರು. ಅಮ್ಮನ ಬುದ್ಧಿ ನೆಟ್ಟಗೇ ಇತ್ತು. ದೇಶವೆಲ್ಲ ಅತ್ತ ಹಾಗೆ ಅವಳೂ ಅತ್ತಿದ್ದಳು. ತಿಳಿಯದೆ ಹೋದದ್ದು ಮಗನೊಬ್ಬನಿಗೇ.

ನಮ್ಮ ಮನೆಯ ಸೋಫಾದಲ್ಲಿ ಕೂತು ದೊರೆಗಳು ಇದನ್ನು ಹೇಳಿ ಸುಮ್ಮನಾದರು. ನಾನು ಕಾಫಿ ಕೊಟ್ಟೆ. ಇನ್ನು ಮುಂದೆ ವಾರವಾರವೂ ಕ್ಯಾಸೆಟ್ ಕಳಿಸುವಂತೆ ತಂಗಿಗೆ ಹೇಳಿದ್ದೇನೆ, ಆದರೆ ಅಲ್ಲಿಯ ಕ್ಯಾಸೆಟ್ ಇಲ್ಲಿಯ ವಿ.ಸಿ.ಆರ್.ನಲ್ಲಿ ನಡೆಯದಲ್ಲ ಎಂದರು. ಆಗ ನಮ್ಮವರ ಮುಖ ಅರಳಿತು.

ವಿಷಯವೇನೆಂದರೆ, ನನ್ನ ತಂಗಿಯ ಮದುವೆಗೆ ನಾನು ಹೋಗಲಾಗಿರಲಿಲ್ಲ. ಶಿವಮೊಗ್ಗದಿಂದ ವಿಡಿಯೋ ಕ್ಯಾಸೆಟ್ ಬಂತು, ಹಾಕಿದರೆ ಧಾರೆ ಎರೆಯುವುದೂ ಕಾಣದು, ಕೊಳವೂ ಕಾಣದು. ಕಪ್ಪು ಬಿಳುಪು ಗೆರೆಗಳು ಉರುಳುತ್ತಿದ್ದವು. ಅಮೆರಿಕದ ಟಿ.ವಿ.ಯ ಚಿತ್ರದಲ್ಲಿ 525 ಗೆರೆ, ನಮ್ಮದರಲ್ಲಿ 625. ಇಲ್ಲಿಯ ವಿದ್ಯುತ್ತು ಸೆಕೆಂಡಿಗೆ ಅರವತ್ತು ಆವರ್ತದ್ದು, ನಮ್ಮದು ಐವತ್ತರದ್ದು, ಟಿ.ವಿ.ಯ ಲೆಕ್ಕವೂ ಹಾಗೆಯೇ ಬೇರೆಯಾಯಿತು. 1982ರಲ್ಲಿ ಬಣ್ಣದ ಟಿ.ವಿ. ಬಂದಾಗ ಭಾರತ ಆರಿಸಿಕೊಂಡದ್ದು ಇಂಗ್ಲೆಂಡಿನಲ್ಲಿದ್ದ ‘ಪಾಲ್’ ಪದ್ಧತಿಯನ್ನೇ. ತಂಗಿಯ ಮದುವೆ ನೋಡಲೆಂದೇ ನಾವು ಷಿಕಾಗೋದ ಡೆವನ್ ರಸ್ತೆಗೆ ಹೋಗಿ, ನಮ್ಮವರ ಅಂಗಡಿಯಲ್ಲಿ ಎಲ್ಲ ಪದ್ಧತಿಗೂ ಒಗ್ಗುವ ವಿ.ಸಿ.ಆರ್. ತಂದಿದ್ದೆವು. ನೋಡಿ, ಇದೂ ಸಾಮ್ರಾಜ್ಯದ ಕೊಡುಗೆಯೇ ಎಂದು ದೊರೆಗಳು ಹಿಗ್ಗಿದರು. ‘ಪಾಲ್’ ಕಂಡುಹಿಡಿದವರು ಜರ್ಮನರು ಎಂದು ನಮ್ಮವರು ಗಾಳಿ ತೆಗೆದರು. ಎಂಜಿನಿಯರುಗಳಿಗೆ ಇಂಥ ಕಡೆ ಬಾಯಿ ಕಟ್ಟಿಕೊಳ್ಳಲಾಗದು.

ಅಂದಿನಿಂದ ಗುರುವಾರ ಸಂಜೆ ನಮ್ಮ ಮನೆಯಲ್ಲಿ ‘ಕಾರೊನೇಷನ್ ಸ್ಟ್ರೀಟ್.’ ಅಂಚೆಯಲ್ಲಿ ಕ್ಯಾಸೆಟ್ ಬರುವುದಕ್ಕೆ ಎಂಟು ಹತ್ತು ದಿನ. ಅಷ್ಟು ಹಿಂದಾದರೆ ಅಡ್ಡಿಯಿಲ್ಲ. ನನಗೆ ಮೊದಮೊದಲು ಆ ಉಚ್ಚಾರಣೆ ಅರ್ಧವೂ ತಿಳಿಯುತ್ತಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ಅತ್ತೆ ಸೊಂಟದ ಮೇಲೆ ಕೈಯಿಟ್ಟು ನಿಂತರೆ ಯಾವ ಭಾಷೆಯಲ್ಲಾದರೂ ಅರ್ಥವಾಗುತ್ತದೆ. ನನಗೆ ಸೋಜಿಗವೆನಿಸಿದ್ದು ಬೇರೊಂದು. ಆ ಧಾರಾವಾಹಿ ಬರುತ್ತಿದ್ದದ್ದು ಬಿ.ಬಿ.ಸಿ.ಯಲ್ಲಲ್ಲ, ಖಾಸಗಿ ಐ.ಟಿ.ವಿ.ಯಲ್ಲಿ. ಆದ್ದರಿಂದ ನಡುವೆ ಜಾಹೀರಾತುಗಳಿದ್ದವು. ನಮ್ಮವರು ಮುಂದಕ್ಕೆ ಓಡಿಸಲು ರಿಮೋಟ್ ಎತ್ತಿದರೆ ದೊರೆಗಳು ಕೈಹಿಡಿದು ತಡೆದರು. ಅಮೆರಿಕದ ಜಾಹೀರಾತಿಗೆ ಅಷ್ಟು ಶಾಪ ಹಾಕಿದ್ದ ಮನುಷ್ಯ, ಚಿಂಪಾಂಜಿಗಳು ಟೀ ಕುಡಿಯುವ ಜಾಹೀರಾತನ್ನು ಕಣ್ಣು ಮಿಟುಕಿಸದೆ ನೋಡಿದರು. ಕೊನೆಯಲ್ಲಿ ತಂಗಿ ನಿಲ್ಲಿಸಲು ಮರೆತು ಉಳಿದುಹೋದ ಹವಾಮಾನ ವರದಿಯನ್ನೂ ನೋಡಿದರು. ಲ್ಯಾಂಕಾಶೈರಿನಲ್ಲಿ ಹತ್ತು ದಿನದ ಹಿಂದೆ ಮಳೆಯಾಗಿತ್ತು.

ಭಾನುವಾರದ ಫೋನು ಮತ್ತೆ ದಾರಿಗೆ ಬಂತು. ಆ ಪೈಲಟ್ ಕಳ್ಳ ಎಂದು ಮಗ ಹೇಳುವರು, ನಾನು ಮೊದಲೇ ಹೇಳಿರಲಿಲ್ಲವೇ ಎಂದು ತಾಯಿ ಗೆಲ್ಲುವಳು. ಒಂದು ವರ್ಷ ಹೀಗೆ ನಡೆಯಿತು. ಆಮೇಲೆ ಮರೆವು ನಿಜವಾಗಿಯೇ ಬಂತು. ಮೊದಲು ಈ ವಾರದ್ದು ಹೋಯಿತು, ಆಮೇಲೆ ಈ ವರ್ಷದ್ದು. ಕೊನೆಕೊನೆಗೆ ಆಕೆ ಹೇಳುತ್ತಿದ್ದದ್ದು 1987ರ ಕ್ರಿಸ್ಮಸ್ಸಿನಲ್ಲೇ ಆ ಬೀದಿ ಬಿಟ್ಟುಹೋದ ಹಿಲ್ಡಾ ಆಗ್ಡನ್ ಎಂಬ ಗಯ್ಯಾಳಿಯ ವಿಚಾರ. ಅದನ್ನು ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ನೋಡಿದ್ದರು. ಹಾಗಾಗಿ ಮಾತಿಗೆ ಕ್ಯಾಸೆಟ್ ಬೇಕಾಗಲಿಲ್ಲ. 2000ದ ಚಳಿಗಾಲದಲ್ಲಿ ಆಕೆ ತೀರಿಕೊಂಡಳು. ದೊರೆಗಳು ಅಂತ್ಯಕ್ರಿಯೆ ಮುಗಿಸಿ ಬಂದ ಮೇಲೆ ಒಂದು ಕ್ಯಾಸೆಟ್ ಅಂಚೆಯಲ್ಲಿ ಬಂತು. ಲಕೋಟೆ ಒಡೆಯದೆ ನಮ್ಮ ಮನೆಯಲ್ಲಿಟ್ಟರು. ನೆಲಮಾಳಿಗೆಯಲ್ಲಿ ತಂಗಿಯ ಮದುವೆಯ ಕ್ಯಾಸೆಟ್ಟಿನ ಪಕ್ಕ ಇಂದಿಗೂ ಇದೆ.

ಈಗ ಕಾಲ ಬದಲಾಗಿದೆ. 1998ರಲ್ಲಿ ಶುರುವಾದ ಬಿ.ಬಿ.ಸಿ. ಅಮೆರಿಕ ಚಾನೆಲ್ಲು ಕೆಲವು ವರ್ಷ ಆಸೆ ತೋರಿಸಿ, ಕ್ರಮೇಣ ಅಮೆರಿಕದ್ದೇ ‘ಸ್ಟಾರ್ ಟ್ರೆಕ್’ನ ಹಳೆಯ ಕಂತುಗಳನ್ನು ಹಾಕತೊಡಗಿತು. ‘ಡೌನ್‌ಟನ್ ಆ್ಯಬಿ’ ಬಂದಾಗ ಮತ್ತದೇ ಬಂಗಲೆ, ಮತ್ತದೇ ಕಾಯುವಿಕೆ. ಅದರ ನಾಯಕ ಮ್ಯಾಥ್ಯೂ ಸಾಯುವ ಕಂತು ಇಂಗ್ಲೆಂಡಿನಲ್ಲಿ 2012ರ ಕ್ರಿಸ್ಮಸ್ ದಿನ ಬಂತು, ಇಲ್ಲಿ 2013ರ ಫೆಬ್ರವರಿ 17ಕ್ಕೆ. ನಾದಿನಿ ಫೋನಿನಲ್ಲಿ ಬಾಯಿಬಿಟ್ಟದ್ದರಿಂದ ದೊರೆಸಾನಿ ಏಳು ವಾರ ಆ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಅಮೆರಿಕನ್ ಗೆಳತಿಯರ ನಡುವೆ ಓಡಾಡಿದರು. 2017ರಿಂದ ಬ್ರಿಟ್‌ಬಾಕ್ಸ್ ಎಂಬುದು ಬಂದು ತಿಂಗಳ ಚಂದಾ ಕಟ್ಟಿದವರಿಗೆ ಇಂಗ್ಲೆಂಡಿನ ಕಾರ್ಯಕ್ರಮಗಳು ರಾಶಿರಾಶಿಯಾಗಿ ಸಿಗುತ್ತವೆ. ದೊರೆಸಾನಿ ನೋಡುತ್ತಾರೆ. ದೊರೆಗಳು ‘ಕಾರೊನೇಷನ್ ಸ್ಟ್ರೀಟ್’ ನೋಡುವುದು ಬಿಟ್ಟು ಇಪ್ಪತ್ತು ವರ್ಷದ ಮೇಲಾಯಿತು.

ಅವರು ಈಗ ನಮ್ಮ ಮನೆಗೆ ಬರುವುದು ಕ್ರಿಕೆಟ್ಟಿಗೆ. ಅಮೆರಿಕದಲ್ಲಿ ಕ್ರಿಕೆಟ್ ತೋರಿಸುವ ವಿಲೋ ಚಾನೆಲ್ಲು ನಡೆಯುತ್ತಿರುವುದೇ ನಮ್ಮಂಥವರ ಚಂದಾ ಹಣದಿಂದ. ಇಂಗ್ಲೆಂಡಿನಲ್ಲಿ ಹನ್ನೊಂದಕ್ಕೆ ಆಟ ಶುರುವಾದರೆ ನಮಗೆ ಬೆಳಿಗ್ಗೆ ಆರು ಗಂಟೆ. 2023ರ ಜುಲೈ 2ರ ಭಾನುವಾರ, ಲಾರ್ಡ್ಸ್ ಟೆಸ್ಟಿನ ಕೊನೆಯ ದಿನ, ಓವರ್ ಮುಗಿಯಿತೆಂದು ಕ್ರೀಸ್ ಬಿಟ್ಟು ನಡೆದ ಬೇರ್‌ಸ್ಟೋನನ್ನು ಆಸ್ಟ್ರೇಲಿಯದ ಕೀಪರ್ ಸ್ಟಂಪ್ ಮಾಡಿದಾಗ ದೊರೆಗಳ ಕೈಯ ಕಾಫಿ ಲೋಟ ಅರ್ಧ ನೆಲಕ್ಕೆ ಚೆಲ್ಲಿತು. ಕೂಡಲೇ ತಂಗಿಗೆ ಫೋನ್ ಮಾಡಿದರು. 2006ರಿಂದ ಇಂಗ್ಲೆಂಡಿನಲ್ಲಿ ತಮ್ಮೂರಿನ ಟೆಸ್ಟ್ ಪಂದ್ಯವನ್ನು ನೇರವಾಗಿ ನೋಡಬೇಕೆಂದರೆ ಸ್ಕೈ ಚಾನೆಲ್ಲಿಗೆ ದುಡ್ಡು ಕಟ್ಟಬೇಕು. ತಂಗಿ ಕಟ್ಟಿಲ್ಲ.

“ಒಂದು ಮಾತೂ ಹೇಳಬೇಡ, ನಾನು ರಾತ್ರಿ ಮುಖ್ಯಾಂಶ ನೋಡಬೇಕು” ಎಂದು ಆಕೆ ಫೋನ್ ಇಟ್ಟೇಬಿಟ್ಟರು. ದೊರೆಗಳು ತಡೆಯಲಾರದೆ ನಮ್ಮವರ ಕಡೆ ತಿರುಗಿ ನಡೆದದ್ದನ್ನೆಲ್ಲ ಮೊದಲಿನಿಂದ ಹೇಳಿದರು. ಅದೇ ಸೋಫಾದಲ್ಲಿ ಪಕ್ಕದಲ್ಲೇ ಕೂತು ನೋಡಿದ್ದ ನಮ್ಮವರು, ಮೊದಲ ಸಲ ಕೇಳುವವರ ಹಾಗೆ ಹೂಂಗುಟ್ಟುತ್ತ ಕೇಳಿಸಿಕೊಂಡರು.